ಮನೆಯಲ್ಲಿ ಬಹುಕಾಲದ ಕಾಯಿಲೆಯವರಿದ್ದರೆ

(ಗ್ರಾಮದ ಹಾಲು ಉತ್ಪಾದಕರ ಸಂಘದ ಕಟ್ಟಡದಲ್ಲಿ ಸೇರಿದ್ದ ಸಭೆಯಲ್ಲಿ ನಿವೃತ್ತ ಉಪಾಧ್ಯಾಯರೊಬ್ಬರು ಮಾಡಿದ ಭಾಷಣ. ಸಭೆಗೆ ಬರಲಾಗದಿದ್ದ ವಾಚಕರಿಗಾಗಿ ಇಲ್ಲಿ ಕೊಟ್ಟಿದೆ.)



ಬೀಜ, ಗೊಬ್ಬರ, ಹಸುಗಳ ಮೇವು ಇವುಗಳ ವಿಚಾರ ಕೇಳಲು ನೀವು ಇಲ್ಲಿ ಸೇರಿದ್ದೀರಿ. ಅವನ್ನು ಬಲ್ಲವರು ಮುಂದೆ ಹೇಳುತ್ತಾರೆ. ಅದಕ್ಕೆ ಮೊದಲು ಸ್ವಲ್ಪ ಹೊತ್ತು ನಿಮ್ಮನ್ನು ಹೊಲದಿಂದ ಮನೆಯೊಳಕ್ಕೆ ಕರೆದುಕೊಂಡು ಹೋಗಬೇಕೆಂದು ನನ್ನ ಆಸೆ. ನಾನು ವೈದ್ಯನಲ್ಲ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಹಳ್ಳಿಯ ಶಾಲೆಗಳಲ್ಲಿ ಪಾಠ ಹೇಳಿದವನು. ಆದರೆ ನನ್ನ ಮನೆಯಲ್ಲಿ ಒಂದು ಕಾಯಿಲೆ ಬಂದು ಕುಳಿತಿದೆ. ಅದರಿಂದ ನಾನು ಕಲಿತ ಪಾಠವನ್ನು, ಮುಖ್ಯವಾಗಿ ನಾನು ಮಾಡಿದ ತಪ್ಪುಗಳನ್ನು, ನಿಮ್ಮ ಮುಂದೆ ಇಡುತ್ತೇನೆ. ಮನೆಯಾಕೆಯ ಒಪ್ಪಿಗೆ ಪಡೆದೇ ಬಂದಿದ್ದೇನೆ. “ಹೇಳಿ, ಆದರೆ ನಿಮ್ಮ ತಪ್ಪನ್ನೂ ಸೇರಿಸಿ ಹೇಳಿ” ಎಂದಿದ್ದಾಳೆ.

ಕಾಯಿಲೆಗಳಲ್ಲಿ ಎರಡು ಬಗೆ ಎಂದಿಟ್ಟುಕೊಳ್ಳಿರಿ. ಒಂದು, ನೆಂಟನ ಹಾಗೆ ಬಂದು ಹೋಗುವುದು. ಜ್ವರ ಬರುತ್ತದೆ, ನಾಲ್ಕು ದಿನ ಮಲಗಿಸುತ್ತದೆ, ಇಳಿಯುತ್ತದೆ. ಆಗ ಎಲ್ಲರಿಗೂ ಕನಿಕರವಿರುತ್ತದೆ. ಪಕ್ಕದ ಮನೆಯವರು ಗಂಜಿ ತಂದುಕೊಡುತ್ತಾರೆ, ಅತ್ತೆ ಕಷಾಯ ಕಾಸುತ್ತಾರೆ. ಇನ್ನೊಂದು ಬಗೆಯದು ಬಂದ ಮೇಲೆ ಹೋಗುವುದಿಲ್ಲ. ಮನೆಯವನೇ ಆಗಿ ನಿಲ್ಲುತ್ತದೆ. ಸಕ್ಕರೆ ಕಾಯಿಲೆ, ಉಬ್ಬಸ, ಮೂರ್ಛೆ, ಮೂತ್ರಪಿಂಡದ ಕಾಯಿಲೆ, ಸಂಧಿವಾತ ಇವೆಲ್ಲ ಈ ಗುಂಪಿನವು. ಮೊದಲ ತಿಂಗಳು ಇವುಗಳಿಗೂ ಗಂಜಿ ಬರುತ್ತದೆ. ಮೂರನೆಯ ತಿಂಗಳಿಗೆ “ಇನ್ನೂ ವಾಸಿಯಾಗಲಿಲ್ಲವೆ?” ಎಂಬ ಮಾತು ಬರುತ್ತದೆ. ವರ್ಷ ತಿರುಗುವಷ್ಟರಲ್ಲಿ “ಇವಳದ್ದು ಇದ್ದದ್ದೇ” ಎಂದಾಗಿಬಿಡುತ್ತದೆ. ಕಾಯಿಲೆ ಹಾಗೆಯೇ ಇರುತ್ತದೆ, ಸುತ್ತಲಿನವರ ಕನಿಕರ ಮುಗಿದಿರುತ್ತದೆ. ಆ ಮೇಲಿನ ದಿನಗಳನ್ನು ಕುರಿತೇ ನನ್ನ ಮಾತು.

ನಮ್ಮ ಮನೆಗೆ ಬಂದದ್ದು ಸಂಧಿವಾತ. ಆಸ್ಪತ್ರೆಯಲ್ಲಿ ಇದನ್ನು ರುಮಟಾಯ್ಡ್ ಆರ್ಥ್ರೈಟಿಸ್ ಎನ್ನುತ್ತಾರೆ. ವಯಸ್ಸಾದವರಿಗೆ ಮೊಣಕಾಲಿನ ಕೀಲು ಸವೆದು ಬರುವ ನೋವು ಬೇರೆ, ಇದು ಬೇರೆ. ಸವೆತದ ನೋವು ದುಡಿದಷ್ಟೂ ಹೆಚ್ಚುತ್ತದೆ, ಕುಳಿತರೆ ತಗ್ಗುತ್ತದೆ. ಈ ಕಾಯಿಲೆಯಲ್ಲಿ ರಾತ್ರಿಯೆಲ್ಲ ಮಲಗಿ ಎದ್ದಾಗಲೇ ಕೈಕಾಲು ಹೆಚ್ಚು ಬಿಗಿದುಕೊಂಡಿರುತ್ತವೆ. ಆ ಬಿಗಿತ ಸಡಿಲವಾಗಲು ಅರ್ಧ ಗಂಟೆಯಿಂದ ಹಿಡಿದು ಎರಡು ಮೂರು ಗಂಟೆಯವರೆಗೆ ಬೇಕಾಗುವುದುಂಟು. ಬೆರಳ ಗೆಣ್ಣು, ಮಣಿಕಟ್ಟು, ಕಾಲ್ಬೆರಳ ಬುಡ ಮೊದಲಾದ ಸಣ್ಣ ಕೀಲುಗಳು ಸಾಮಾನ್ಯವಾಗಿ ಮೊದಲು ಊದುತ್ತವೆ. ಎಡಗೈಗೆ ಬಂದರೆ ಬಲಗೈಗೂ ಬರುವುದು ವಾಡಿಕೆ.

ಕಾರಣವೇನೆಂದರೆ, ರೋಗಾಣುಗಳನ್ನು ಎದುರಿಸಲು ನಮ್ಮ ದೇಹದಲ್ಲಿ ಒಂದು ಕಾವಲಿದೆ. ಆ ಕಾವಲು ದಾರಿ ತಪ್ಪಿ, ಕೀಲುಗಳ ಒಳಪೊರೆಯನ್ನೇ ಹೊರಗಿನದೆಂದು ಬಗೆದು ಅದರ ಮೇಲೆ ಬೀಳುತ್ತದೆ. ಕಳ್ಳನನ್ನು ಅಟ್ಟಬೇಕಾದ ನಾಯಿ ಮನೆಯ ಮಕ್ಕಳನ್ನೇ ಕಚ್ಚಿದ ಹಾಗೆ. ಪೊರೆ ಊದುತ್ತದೆ. ಚಿಕಿತ್ಸೆ ತಡವಾದರೆ ಮೂಳೆ ಸವೆದು ಬೆರಳುಗಳು ಸೊಟ್ಟಗಾಗುತ್ತವೆ. ಉರಿ ಬರಿಯ ಕೀಲಿನಲ್ಲೇ ನಿಲ್ಲದೆ ಮೈಯನ್ನೆಲ್ಲ ದಣಿಸುತ್ತದೆ. ಇದು ಅಂಟುರೋಗವಲ್ಲ, ಯಾರ ಶಾಪವೂ ಅಲ್ಲ. ಸುಮಾರು ಇನ್ನೂರು ಜನರಲ್ಲಿ ಒಬ್ಬರಿಗೆ ಬರುತ್ತದೆನ್ನಬಹುದು. ಗಂಡಸರಿಗಿಂತ ಹೆಂಗಸರಿಗೆ ಎರಡು ಮೂರು ಪಟ್ಟು ಹೆಚ್ಚು. ಬೀಡಿ ಸಿಗರೇಟು ಸೇದುವವರಿಗೆ ಅಪಾಯ ಇನ್ನೂ ಅಧಿಕ. ಹೊಸ ಕಾಯಿಲೆಯೂ ಅಲ್ಲ. ಸಾವಿರ ವರ್ಷಕ್ಕೂ ಹಿಂದಿನ ಮಾಧವನಿದಾನವೆಂಬ ವೈದ್ಯಗ್ರಂಥದಲ್ಲಿ ಆಮವಾತವೆಂಬ ಹೆಸರಿನಲ್ಲಿ ಇದನ್ನು ಬಹಳ ಹೋಲುವ ಲಕ್ಷಣಗಳನ್ನು ಹೇಳಿದೆ. ಈಗಿನ ಇಂಗ್ಲಿಷ್ ಹೆಸರನ್ನು ಗ್ಯಾರಡ್ ಎಂಬ ವೈದ್ಯರು 1859ರಲ್ಲಿ ಕೊಟ್ಟರು.

ಇಷ್ಟನ್ನು ಪುಸ್ತಕದಿಂದಲೂ ತಿಳಿಯಬಹುದು. ಈಗ ಮನೆಯೊಳಕ್ಕೆ ಬನ್ನಿರಿ.

2011ನೆಯ ಇಸವಿ. ಆಗ ಆಕೆಗೆ ಮೂವತ್ತೆಂಟು ವರ್ಷ. ನಮ್ಮಲ್ಲಿ ಎರಡು ಹಸುಗಳಿದ್ದವು. ಬೆಳಿಗ್ಗೆ ಐದಕ್ಕೆ ಎದ್ದು, ಬಾಗಿಲಿಗೆ ನೀರು ಹಾಕಿ, ರಂಗವಲ್ಲಿ ಇಟ್ಟು, ಕೊಟ್ಟಿಗೆ ಬಾಚಿ, ಹಾಲು ಕರೆದು, ಡೈರಿಗೆ ಕಳುಹಿಸಿ, ಆಮೇಲೆ ಒಲೆಯ ಮುಂದೆ ನಿಲ್ಲುವುದು ಆಕೆಯ ದಿನಚರಿ. ಮೊದಲು ತಪ್ಪಿದ್ದು ರಂಗವಲ್ಲಿ. ದೊಡ್ಡ ಎಳೆಗಳ ರಂಗವಲ್ಲಿ ಚಿಕ್ಕದಾಯಿತು. ಆಮೇಲೆ ನಾಲ್ಕು ಗೆರೆಗೆ ಇಳಿಯಿತು. ಆಮೇಲೆ ಬರಿಯ ನೀರು. ಆ ಹೊಸ್ತಿಲು ದಾಟಿಯೇ ನಾನು ದಿನವೂ ಶಾಲೆಗೆ ಹೋಗುತ್ತಿದ್ದೆ. ನನ್ನ ಕಣ್ಣಿಗೆ ಬೀಳಲಿಲ್ಲ. ಮುದ್ದೆಯಲ್ಲಿ ಗಂಟು ಕಂಡಾಗ ಮಾತ್ರ ಕಣ್ಣಿಗೆ ಬಿತ್ತು. “ಏನೇ, ಹಿಟ್ಟು ತೊಳಸೋದಕ್ಕೂ ಬೇಜಾರಾ?” ಎಂದು ಕೇಳಿದೆ. ಆಕೆ ಉತ್ತರ ಕೊಡಲಿಲ್ಲ. ನನ್ನ ತಾಯಿ ಒಳಗಿನಿಂದ, “ನಮ್ಮ ಕಾಲದಲ್ಲಿ ಬೀಸೋಕಲ್ಲಲ್ಲಿ ರಾಗಿ ಬೀಸಿ, ಬಾವಿ ನೀರು ಸೇದಿ, ಎಂಟು ಜನಕ್ಕೆ ಹಿಟ್ಟು ತೊಳಸ್ತಿದ್ವಪ್ಪ” ಎಂದರು.

ಆಕೆಯ ಬೆಳಗು ಹೇಗಿತ್ತೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಐದಕ್ಕೆ ಹಾಲು ಕರೆಯಲು ಬೆರಳು ಮಡಚಬೇಕಾದರೆ ಮೂರೂವರೆಗೇ ಏಳಬೇಕಾಗಿತ್ತು. ಕತ್ತಲಲ್ಲಿ ಗೋಡೆ ಹಿಡಿದು ಬಚ್ಚಲಿಗೆ ಹೋಗಿ, ಬಿಸಿನೀರಿನಲ್ಲಿ ಕೈ ಅದ್ದಿಕೊಂಡು ಒಂದೊಂದೇ ಬೆರಳನ್ನು ಬಿಡಿಸಿಕೊಳ್ಳುತ್ತಿದ್ದಳು. ರವಿಕೆಯ ಗುಂಡಿ ಹಾಕಿಕೊಳ್ಳಲು ಹತ್ತು ನಿಮಿಷ. ನಲ್ಲಿ ತಿರುಗಿಸಲು ಅಂಗೈ ಸಾಲದೆ ಎರಡು ಮಣಿಕಟ್ಟುಗಳನ್ನೂ ಒತ್ತಿ ತಿರುಗಿಸುತ್ತಿದ್ದಳಂತೆ. ತಲೆ ಬಾಚಿ ಜಡೆ ಹಾಕಲು ಕೈ ಮೇಲೇಳದೆ ಕೂದಲನ್ನು ಗಂಟು ಕಟ್ಟಿ ಬಿಡುತ್ತಿದ್ದಳು. ನಾವು ಏಳುವ ಹೊತ್ತಿಗೆ ಆಕೆ ಎರಡು ಗಂಟೆ ದುಡಿದಾಗಿರುತ್ತಿತ್ತು. ಆ ದುಡಿಮೆ ಯಾರ ಲೆಕ್ಕಕ್ಕೂ ಬರಲಿಲ್ಲ, ಏಕೆಂದರೆ ಅದರಿಂದ ಹಾಲೂ ಬರಲಿಲ್ಲ, ಮುದ್ದೆಯೂ ಆಗಲಿಲ್ಲ. ಬರಿಯ ಕೈ ಕೈಯಾಯಿತು, ಅಷ್ಟೆ.

ನಮಗೆ ಅನುಮಾನ ಬರುವಂತೆ ಮಾಡಿದ್ದು ಇನ್ನೊಂದು ಸಂಗತಿ. ನನ್ನ ತಂಗಿಯ ಮಗಳ ಮದುವೆಯಲ್ಲಿ ಆಕೆ ಎರಡು ದಿನವೂ ಓಡಾಡಿದಳು, ಬಡಿಸಿದಳು, ನಕ್ಕಳು. ಊರಿಗೆ ಬಂದ ಮೇಲೆ ನಾಲ್ಕು ದಿನ ಹಾಸಿಗೆ ಬಿಟ್ಟು ಏಳಲಿಲ್ಲ. “ತವರಿನವರ ಮುಂದೆ, ನೆಂಟರ ಮುಂದೆ ನೋವಿಲ್ಲ. ಮನೆಗೆ ಬಂದರೆ ನೋವು” ಎಂದು ಮಾತಾಡಿಕೊಂಡರು. ಅದನ್ನು ಕೇಳಿ ನಾನೂ ಸುಮ್ಮನಿದ್ದೆ. ಸುಮ್ಮನಿದ್ದದ್ದೇ ಒಪ್ಪಿದ ಹಾಗಾಯಿತು.

ರೈತರಾದ ನಿಮಗೆ ಇದನ್ನು ಹೀಗೆ ಹೇಳಿದರೆ ತಿಳಿದೀತು. ನೀರು ಕಡಿಮೆಯಾದ ಕೊಳವೆಬಾವಿಯನ್ನು ನೆನೆದುಕೊಳ್ಳಿರಿ. ಒಂದು ಗಂಟೆ ಓಡಿಸಿದರೆ ನೀರು ಕೊಡುತ್ತದೆ. ಆಮೇಲೆ ನಿಲ್ಲಿಸಬೇಕು, ಒಳಗೆ ನೀರು ಊರಬೇಕು. ನೀರು ಊರುವುದಕ್ಕೆ ಬಿಡದೆ ಓಡಿಸುತ್ತಲೇ ಇದ್ದರೆ ಮೋಟಾರು ಸುಡುತ್ತದೆ. ಆ ಬಾವಿಯಿರುವ ರೈತ ದಿನವೂ ಬೆಳಿಗ್ಗೆ ಎದ್ದು, ಇಂದು ಯಾವ ಮಡಿಗೆ ನೀರು ಬಿಡಲಿ, ಯಾವುದನ್ನು ನಾಳೆಗೆ ಇಡಲಿ ಎಂದು ಲೆಕ್ಕ ಹಾಕುತ್ತಾನೆ. ಅವನನ್ನು ನಾವು ಸೋಮಾರಿ ಎನ್ನುವುದಿಲ್ಲ, ಜಾಣ ಎನ್ನುತ್ತೇವೆ. ಬಹುಕಾಲದ ಕಾಯಿಲೆಯವರ ಮೈಯಲ್ಲಿ ಶಕ್ತಿ ಇರುವುದು ಹೀಗೆಯೇ. ಸ್ನಾನ ಮಾಡಿದರೆ ಬಟ್ಟೆ ಒಗೆಯಲಾಗದು. ಬಟ್ಟೆ ಒಗೆದರೆ ಸಂಜೆಯ ಅಡುಗೆಗೆ ಕೈ ಏಳದು. ಮದುವೆಯ ಎರಡು ದಿನ ಆಕೆ ನಾಲ್ಕು ದಿನದ ನೀರನ್ನು ಒಟ್ಟಿಗೇ ಎತ್ತಿದ್ದಳು. ನಗು ಸುಳ್ಳಾಗಿರಲಿಲ್ಲ, ಹಾಸಿಗೆಯೂ ಸುಳ್ಳಾಗಿರಲಿಲ್ಲ. ಇನ್ನೂ ಒಂದು ಕಷ್ಟವೆಂದರೆ, ಬಾವಿಯಲ್ಲಿ ಇಂದು ಎಷ್ಟು ನೀರಿದೆಯೆಂಬುದು ಹಿಂದಿನ ರಾತ್ರಿ ತಿಳಿಯುವುದಿಲ್ಲ. ಆದುದರಿಂದಲೇ ಅಂಥವರು “ನಾಳೆ ಬರುತ್ತೇನೆ” ಎಂದು ಹೇಳಿ ಬಾರದೆ ಹೋಗುವುದುಂಟು. ಅದು ಮಾತು ತಪ್ಪಿದ್ದಲ್ಲ.

ಇನ್ನು ನನ್ನ ಎರಡನೆಯ ತಪ್ಪು. ನೋವಿಗೆ ಯಾರೋ ಒಬ್ಬರು ಪುಡಿ ಕೊಡುತ್ತಾರೆಂದು ಕೇಳಿ ಹೋದೆ. ಹೆಸರಿಲ್ಲದ ಪೊಟ್ಟಣಗಳು. ಮೂರೇ ದಿನದಲ್ಲಿ ಆಕೆ ಎದ್ದು ಓಡಾಡಿದಳು. ನಾನು ಊರಲ್ಲೆಲ್ಲ ಆ ಪುಡಿಯ ಗುಣಗಾನ ಮಾಡಿದೆ. ಎಂಟು ತಿಂಗಳು ಕಳೆಯುವಷ್ಟರಲ್ಲಿ ಮುಖ ಚಂದ್ರನ ಹಾಗೆ ದುಂಡಗಾಯಿತು, ರಕ್ತದಲ್ಲಿ ಸಕ್ಕರೆ ಏರಿತು. ನಗರದ ಆಸ್ಪತ್ರೆಯ ವೈದ್ಯರು ನೋಡಿದವರೇ, ಪುಡಿಯಲ್ಲಿ ಸ್ಟೀರಾಯ್ಡ್ ಬೆರೆತಿರಬೇಕು ಎಂದರು.

ಸ್ಟೀರಾಯ್ಡ್ ಕೆಟ್ಟ ವಸ್ತುವೇನಲ್ಲ. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಇದೇ ಕಾಯಿಲೆಯಿಂದ ನರಳುತ್ತಿದ್ದ ಹೆಣ್ಣುಮಗಳೊಬ್ಬಳಿಗೆ ಹೆಂಚ್ ಎಂಬ ವೈದ್ಯರು ಮೊದಲ ಬಾರಿಗೆ ಕಾರ್ಟಿಸೋನ್ ಚುಚ್ಚಿದಾಗ, ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದಳು. ಆ ಕೆಲಸಕ್ಕಾಗಿ ಹೆಂಚ್, ಕೆಂಡಾಲ್, ರೈಖ್‌ಸ್ಟೈನ್ ಎಂಬ ಮೂವರಿಗೆ 1950ರ ನೊಬೆಲ್ ಪಾರಿತೋಷಕ ಬಂತು. ಆದರೆ ಹೆಚ್ಚು ಕಾಲ ಕೊಟ್ಟರೆ ಮೂಳೆ ತೆಳುವಾಗುವುದು, ಸಕ್ಕರೆ ಏರುವುದು, ಸೋಂಕು ತಗಲುವುದು ಎಂಬುದು ಬೇಗನೆ ತಿಳಿಯಿತು. ಅಳತೆ ಬಲ್ಲ ವೈದ್ಯರ ಕೈಯಲ್ಲಿ ಅದು ಔಷಧ. ಹೆಸರಿಲ್ಲದ ಪೊಟ್ಟಣದಲ್ಲಿ ಅದು ಅಪಾಯ. ಇನ್ನೊಂದು ಮಾತನ್ನು ಗಮನವಿಟ್ಟು ಕೇಳಿರಿ. ಬಹಳ ದಿನ ಇಂಥ ಔಷಧ ತಿಂದವರು ಹೆದರಿ ಅದನ್ನು ಒಮ್ಮೆಗೇ ನಿಲ್ಲಿಸಲೂಬಾರದು. ವೈದ್ಯರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿ, ಅವರು ಹೇಳಿದಂತೆ ಮೆಲ್ಲಗೆ ಇಳಿಸಬೇಕು. ಅಂಗಡಿಯಲ್ಲಿ ಕೇಳಿ ತಂದ ನೋವಿನ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗುವುದೂ ಹೊಟ್ಟೆಗೆ, ಮೂತ್ರಪಿಂಡಕ್ಕೆ ಕೇಡು.

ಈಗ ಈ ಕಾಯಿಲೆಗೆ ಒಳ್ಳೆಯ ಚಿಕಿತ್ಸೆ ಇದೆ. ಬೇರು ಸಹಿತ ಕೀಳದಿದ್ದರೂ ಬಹಳ ಜನರಲ್ಲಿ ಹತೋಟಿಗೆ ತರುತ್ತದೆ. ಎಷ್ಟು ಬೇಗ ಆರಂಭಿಸಿದರೆ ಕೀಲುಗಳು ಅಷ್ಟು ಉಳಿಯುತ್ತವೆ. ನಮ್ಮಾಕೆಗೆ ಎರಡು ವರ್ಷ ತಡವಾಯಿತು. ಬಲಗೈಯ ಎರಡು ಬೆರಳು ಸೊಟ್ಟಗಾಗಿ ಉಳಿದವು. ಆ ಎರಡು ಬೆರಳುಗಳನ್ನು ಕಂಡಾಗಲೆಲ್ಲ ಗಂಟಿದ್ದ ಮುದ್ದೆಯ ದಿನ ನನ್ನ ನೆನಪಿಗೆ ಬರುತ್ತದೆ. ಆದುದರಿಂದ ಯಾರಿಗಾದರೂ ಕೈಬೆರಳುಗಳು ಊದಿ, ಬೆಳಗಿನ ಬಿಗಿತ ಅರ್ಧ ಗಂಟೆಗೂ ಮೀರಿ, ಹೀಗೆ ಕೆಲವು ವಾರ ನಡೆದರೆ ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿರಿ. ಅಲ್ಲಿಂದ ದೊಡ್ಡ ಆಸ್ಪತ್ರೆಗೆ ಚೀಟಿ ಕೇಳಿರಿ.

ವೈದ್ಯರು ಈ ಕಾಯಿಲೆಗೆ ಹೆಚ್ಚಾಗಿ ಕೊಡುವುದು ಮೆಥೊಟ್ರೆಕ್ಸೇಟ್ ಎಂಬ ಮಾತ್ರೆ. ಇದನ್ನು ವಾರಕ್ಕೆ ಒಂದು ದಿನ ಮಾತ್ರ ತೆಗೆದುಕೊಳ್ಳಬೇಕು. ಮರೆತು ದಿನವೂ ನುಂಗಿ ಪ್ರಾಣಕ್ಕೆ ಅಪಾಯ ತಂದುಕೊಂಡವರಿದ್ದಾರೆ. ನಮ್ಮ ಮನೆಯಲ್ಲಿ ಅದಕ್ಕೆ “ಭಾನುವಾರದ ಮಾತ್ರೆ” ಎಂದೇ ಹೆಸರು. ಗೋಡೆಯ ಕ್ಯಾಲೆಂಡರಿನಲ್ಲಿ ಭಾನುವಾರಗಳಿಗೆ ಕೆಂಪು ಶಾಯಿಯ ಸುತ್ತು ಹಾಕಿದ್ದೇವೆ; ನುಂಗಿದ ಮೇಲೆ ಅಡ್ಡಗೆರೆ. ಡಬ್ಬಿಯನ್ನು ಬೇರೆ ಮಾತ್ರೆಗಳೊಡನೆ ಇಡುವುದಿಲ್ಲ. ವೈದ್ಯರು ಹೇಳಿದ ಬೇರೆ ದಿನ ಫೋಲಿಕ್ ಆಮ್ಲದ ಮಾತ್ರೆ. ನಡುನಡುವೆ ರಕ್ತ ಪರೀಕ್ಷೆ ತಪ್ಪಿಸುವಂತಿಲ್ಲ. ಮದ್ಯಪಾನ ಕೂಡದು. ಬಸುರಿಯರು ಇದನ್ನು ತೆಗೆದುಕೊಳ್ಳಲೇಬಾರದು. ಮಗು ಬೇಕೆನ್ನುವವರು ಮುಂಚೆಯೇ ವೈದ್ಯರಿಗೆ ತಿಳಿಸಬೇಕು. ಮೈಯ ಕಾವಲನ್ನು ಈ ಔಷಧ ಸ್ವಲ್ಪ ತಗ್ಗಿಸುವುದರಿಂದ, ಜ್ವರ ಬಂದರೆ ಮನೆಮದ್ದಿನಲ್ಲಿ ದಿನ ಕಳೆಯದೆ ಆಸ್ಪತ್ರೆಗೆ ಹೋಗಬೇಕು. ಮಾತ್ರೆಯ ಪೂರ್ಣ ಗುಣ ಕಾಣಲು ಆರರಿಂದ ಹನ್ನೆರಡು ವಾರ ಹಿಡಿಯುವುದುಂಟು. “ತಿಂಗಳಾಯಿತು, ಏನೂ ಪ್ರಯೋಜನವಿಲ್ಲ” ಎಂದು ಬಿಟ್ಟು ಪುಡಿಯವರ ಬಳಿ ಹೋಗುವುದು ಈ ಅವಧಿಯಲ್ಲೇ. ಆಗ ಮನೆಯವರು ಧೈರ್ಯ ಹೇಳಬೇಕು.

ನಮ್ಮ ಸೋಮವಾರವೂ ಬೇರೆ ವಾರಗಳಂತಲ್ಲ. ಹಿಂದಿನ ದಿನದ ಮಾತ್ರೆಯಿಂದ ಆಕೆಗೆ ಹೊಟ್ಟೆ ತೊಳಸುತ್ತದೆ, ಮೈ ಸೋಲುತ್ತದೆ. ಎಲ್ಲರಿಗೂ ಹೀಗಾಗುವುದಿಲ್ಲ, ನಮ್ಮಾಕೆಗೆ ಆಗುತ್ತದೆ. ಆ ದಿನ ಅಡುಗೆ ನನ್ನದು. ಉಪ್ಪಿಟ್ಟು ಮಾಡುತ್ತೇನೆ. ಈಗ ಪರವಾಗಿಲ್ಲವೆನ್ನುತ್ತಾರೆ.

ಹಾಲು ಕರೆಯುವುದನ್ನೂ ಕಲಿತೆ. ಡೈರಿಯವರು ನಮ್ಮ ಮನೆಯಾಕೆಯ ಕೀಲು ಸಡಿಲವಾಗಲೆಂದು ಕಾಯಲಾರರಷ್ಟೆ. ಮೊದಲ ವಾರ ಹಸು ನನ್ನನ್ನು ಎರಡು ಸಾರಿ ಒದೆಯಿತು. ಇಡೀ ಬೀದಿ ನಕ್ಕಿತು. ನಕ್ಕವರಲ್ಲಿ ಇಬ್ಬರು ಈಗ ತಮ್ಮ ಮನೆಯ ಹಸುವನ್ನು ತಾವೇ ಕರೆಯುತ್ತಿದ್ದಾರೆ.

ಮನೆಯಲ್ಲಿ ಮಾಡಿದ ಬದಲಾವಣೆಗಳೆಲ್ಲ ಚಿಕ್ಕವು. ತಿರುಗಿಸುವ ನಲ್ಲಿಗೆ ಬದಲಾಗಿ ಮೊಣಕೈಯಿಂದ ತಳ್ಳಬಹುದಾದ ಹಿಡಿಯ ನಲ್ಲಿ ಹಾಕಿಸಿದೆವು. ಮುದ್ದೆಕೋಲು, ಸೌಟು, ಚಾಕುಗಳ ಹಿಡಿಗೆ ಹಳೆಯ ಬಟ್ಟೆ ಸುತ್ತಿ ದಪ್ಪ ಮಾಡಿದೆವು. ಸಣ್ಣ ಹಿಡಿಯನ್ನು ಬಿಗಿ ಹಿಡಿಯುವುದೇ ಬೆರಳಿಗೆ ಶ್ರಮ. ದೊಡ್ಡ ಬಿಂದಿಗೆ ಅಟ್ಟಕ್ಕೆ ಹೋಯಿತು, ಚಿಕ್ಕ ಚೊಂಬುಗಳು ಬಂದವು. ಚೀಲವನ್ನು ಬೆರಳಿಗೆ ತೂಗುಹಾಕದೆ ಮುಂಗೈಗೆ ಹಾಕಿಕೊಳ್ಳುವುದು ಆಕೆ ಕಲಿತದ್ದು. ಕುಕ್ಕರುಗಾಲಿನಲ್ಲಿ ಕೂರಲಾಗದ್ದರಿಂದ ಕಕ್ಕಸಿಗೆ ಒಂದು ಕುರ್ಚಿ, ಅಡುಗೆಗೆ ಒಂದು ಎತ್ತರದ ಮಣೆ. ಬೆಳಿಗ್ಗೆ ಬಿಸಿನೀರು, ಆಮೇಲೆ ಆಸ್ಪತ್ರೆಯಲ್ಲಿ ಹೇಳಿಕೊಟ್ಟ ಬೆರಳಿನ ವ್ಯಾಯಾಮ. ಪೂರ್ಣ ಮಲಗಿಬಿಟ್ಟರೂ ಕೀಲು ಕೆಡುತ್ತದೆ, ಮಿತಿ ಮೀರಿ ದುಡಿದರೂ ಕೆಡುತ್ತದೆ.

ಇಲ್ಲಿ ನನ್ನ ಮೂರನೆಯ ತಪ್ಪನ್ನು ಹೇಳಬೇಕು. ಕಾಯಿಲೆಯ ಹೆಸರು ತಿಳಿದ ಮೇಲೆ ನನಗೆ ಪಶ್ಚಾತ್ತಾಪ ಹುಟ್ಟಿ, ಆಕೆಯಿಂದ ಎಲ್ಲ ಕೆಲಸವನ್ನೂ ಕಿತ್ತುಕೊಂಡೆ. “ನೀನು ಕೂತುಕೋ, ನಾವು ನೋಡಿಕೊಳ್ಳುತ್ತೇವೆ” ಎಂದೆ. ಸಾಮಾನು ತರುವುದು, ಹಬ್ಬಕ್ಕೆ ಯಾರನ್ನು ಕರೆಯಬೇಕೆಂಬುದು, ಹಸು ಮಾರಬೇಕೆ ಬೇಡವೆ ಎಂಬುದು, ಯಾವುದನ್ನೂ ಕೇಳುವುದನ್ನು ಬಿಟ್ಟೆವು. ಒಂದು ಸಂಜೆ ಆಕೆ ಹೇಳಿದಳು: “ರೀ, ನನಗೆ ಬಂದಿರೋದು ಕೈ ನೋವು. ಬುದ್ಧಿಗಲ್ಲ. ನನ್ನನ್ನು ಮೂಲೆಗೆ ಹಾಕಬೇಡಿ.” ಅಂದು ಮೊದಲ್ಗೊಂಡು ಮನೆಯ ಲೆಕ್ಕ ಆಕೆಯದು, ಸ್ವಸಹಾಯ ಸಂಘದ ಪುಸ್ತಕವೂ ಆಕೆಯದು. ಲೇಖನಿಗೂ ಬಟ್ಟೆ ಸುತ್ತಿದೆ. ಅಕ್ಷರ ಸ್ವಲ್ಪ ದಪ್ಪವಾಗಿರುತ್ತದೆ, ಲೆಕ್ಕ ಸರಿಯಾಗಿರುತ್ತದೆ.

ಫ್ರಾನ್ಸಿನಲ್ಲಿ ರೆನ್ವಾರ್ ಎಂಬ ದೊಡ್ಡ ಚಿತ್ರಗಾರರಿದ್ದರು. ಅವರಿಗೂ ಇದೇ ಕಾಯಿಲೆ. ಕಡೆಯ ವರ್ಷಗಳಲ್ಲಿ ಬೆರಳುಗಳು ಮಡಚಿಕೊಂಡು, ಗಾಲಿಕುರ್ಚಿಯಲ್ಲಿ ಕೂರಬೇಕಾಯಿತು. ಕುಂಚವನ್ನು ಇತರರು ಅವರ ಕೈಯಲ್ಲಿಡುತ್ತಿದ್ದರು, ಅವರು ಬರೆಯುತ್ತಿದ್ದರು. 1919ರಲ್ಲಿ ತೀರಿಕೊಳ್ಳುವವರೆಗೂ ಚಿತ್ರ ಬರೆಯುವುದನ್ನು ಬಿಡಲಿಲ್ಲ. ಕುಂಚ ಕೊಟ್ಟವರು ತಾವೇ ಚಿತ್ರ ಬರೆಯಹೋಗಲಿಲ್ಲ ಎಂಬುದನ್ನು ನೋಡಿರಿ. ನೆರವಾಗುವುದೆಂದರೆ ಅಷ್ಟೆ.

ಉಪಾಧ್ಯಾಯನಾಗಿ ಹೇಳಲೇಬೇಕಾದ ಮಾತೊಂದಿದೆ. ಬಹಳ ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಒಬ್ಬ ಹುಡುಗಿ ದಿನವೂ ತಡವಾಗಿ ಬರುತ್ತಿದ್ದಳು. ಮನೆಲೆಕ್ಕ ಮಾಡಿರುತ್ತಿರಲಿಲ್ಲ. ಅವಳನ್ನು ನಾನು ತರಗತಿಯ ಹೊರಗೆ ನಿಲ್ಲಿಸಿದ್ದೆ. ಒಂದು ದಿನವಲ್ಲ, ಹಲವು ದಿನ. ಏಕೆ ತಡವೆಂದು ಒಮ್ಮೆಯೂ ಮೆತ್ತಗೆ ಕೇಳಲಿಲ್ಲ. ಏಳನೆಯ ತರಗತಿಯ ಮೇಲೆ ಅವಳು ಶಾಲೆಗೆ ಬರಲಿಲ್ಲ. ಅವಳ ತಾಯಿಗೆ ಕೈಕಾಲು ಹಿಡಿದಿತ್ತೆಂದೂ, ಮುಂಜಾವಿನ ಕೆಲಸವೆಲ್ಲ ಆ ಮಗುವಿನ ಮೇಲೆ ಬಿದ್ದಿತ್ತೆಂದೂ ಆಮೇಲೆ ತಿಳಿಯಿತು. 2012ರಲ್ಲಿ ಎಂಟನೆಯ ತರಗತಿಯಲ್ಲಿದ್ದ ನನ್ನ ಮಗಳೇ ಪೊರಕೆ ಹಿಡಿದು, “ಅಪ್ಪ, ಇವತ್ತು ನಾನು ಸ್ಕೂಲಿಗೆ ಹೋಗಲ್ಲ, ಅಮ್ಮನಿಗೆ ಆಗ್ತಿಲ್ಲ” ಎಂದಾಗ ಆ ಹುಡುಗಿ ನನ್ನ ಕಣ್ಣ ಮುಂದೆ ಬಂದು ನಿಂತಳು. ನನ್ನ ಮಗನೂ ಅದೇ ಮನೆಯಲ್ಲಿದ್ದ. ಅವನು ಶಾಲೆಗೆ ಹೊರಟು ನಿಂತಿದ್ದ. ಅವನಿಗೆ ಪೊರಕೆ ಕೊಡಬೇಕೆಂದು ಯಾರಿಗೂ ತೋಚಿರಲಿಲ್ಲ, ನನಗೂ ತೋಚಿರಲಿಲ್ಲ. ಅಂದು ಮೂವರೂ ಕೆಲಸ ಹಂಚಿಕೊಂಡೆವು. ಮೂವರೂ ಹೊತ್ತಿಗೆ ಸರಿಯಾಗಿ ಶಾಲೆ ಮುಟ್ಟಿದೆವು.

ತಾಯಂದಿರೇ, ತಂದೆಗಳೇ, ಕಾಯಿಲೆ ತಾಯಿಗೆ ಬಂದರೆ ಶಾಲೆ ತಪ್ಪುವುದು ಹೆಣ್ಣುಮಗುವಿಗೆ. ಇದು ನಮ್ಮ ಹಳ್ಳಿಗಳಲ್ಲಿ ಸದ್ದಿಲ್ಲದೆ ನಡೆಯುತ್ತದೆ. ಇದನ್ನು ನಿಲ್ಲಿಸಲು ಸರ್ಕಾರದ ಆಜ್ಞೆ ಬೇಕಾಗಿಲ್ಲ. ಗಂಡಸರು ಪೊರಕೆ ಹಿಡಿದರೆ ಸಾಕು.

ಇನ್ನು ನೆರೆಹೊರೆಯವರು, ನೆಂಟರು ಆಡುವ ಮಾತು. ಒಳ್ಳೆಯ ಮನಸ್ಸಿನಿಂದಲೇ ಆಡುತ್ತೇವೆ, ಆದರೂ ಚುಚ್ಚುತ್ತದೆ. “ನೋಡೋಕೆ ಚೆನ್ನಾಗಿಯೇ ಇದ್ದೀಯಲ್ಲ” ಎನ್ನುತ್ತೇವೆ. “ಎಲ್ಲರಿಗೂ ಕೈಕಾಲು ನೋವು ಇದ್ದದ್ದೇ” ಎನ್ನುತ್ತೇವೆ. “ಆ ಎಲೆ ಕಟ್ಟು, ಈ ಎಣ್ಣೆ ಹಚ್ಚು” ಎಂದು ಬಂದವರೆಲ್ಲ ಒಂದೊಂದು ಮದ್ದು ಹೇಳಿ ಹೋಗುತ್ತೇವೆ. ಹಚ್ಚದಿದ್ದರೆ ಅವಳಿಗೆ ವಾಸಿಯಾಗುವ ಮನಸ್ಸಿಲ್ಲವೆಂದು ತೀರ್ಮಾನಿಸುತ್ತೇವೆ. ಇವುಗಳ ಬದಲು, “ಇವತ್ತು ಹೇಗಿದೆ? ಯಾವ ಕೆಲಸ ನನಗೆ ಬಿಡ್ತೀಯ?” ಎಂದು ಕೇಳಿ ನೋಡಿರಿ. “ಇವತ್ತು” ಎಂಬ ಮಾತು ಮುಖ್ಯ. ಅವರಿಗೆ ನಿನ್ನೆಯ ದಿನದ ಹಾಗೆ ಇಂದಿನ ದಿನವಿರುವುದಿಲ್ಲ. ಉತ್ತರ ಏನೇ ಬರಲಿ, ಅದನ್ನು ನಂಬಿರಿ. ನೋವಿಗೆ ಸಾಕ್ಷಿ ಕೇಳಬೇಡಿರಿ.

ಊರಿನವರೆಲ್ಲ ಸೇರಿ ಮಾಡಬಹುದಾದ ಕೆಲಸಗಳೂ ಇವೆ. ಸಂಘದ ಸಭೆಯನ್ನು ಬೆಳಿಗ್ಗೆ ಎಂಟಕ್ಕೆ ಇಡದೆ ಹನ್ನೊಂದಕ್ಕೆ ಇಟ್ಟರೆ ಇಂಥವರೂ ಬರಬಲ್ಲರು. ನ್ಯಾಯಬೆಲೆ ಅಂಗಡಿಯ ಮುಂದೆ ಒಂದು ಬೆಂಚು ಇರಲಿ. ಆಸ್ಪತ್ರೆಗೆ ಹೋಗಿಬರುವುದೆಂದರೆ ಬಸ್ಸಿನ ಖರ್ಚಿನ ಮೇಲೆ ಒಂದು ದಿನದ ಕೂಲಿಯೂ ಹೋಗುತ್ತದೆ. ಇಬ್ಬರು ಹೋದರೆ ಎರಡು ಕೂಲಿ. ನಾಲ್ಕು ಮನೆಯವರು ಒಂದೇ ದಿನ ಹೊರಟರೆ ಜೊತೆಗೆ ಒಬ್ಬರು ಸಾಕು. ಕೀಲು ಕೆಟ್ಟು ಓಡಾಟಕ್ಕೆ ಕಾಯಂ ಅಡ್ಡಿಯಾದವರು 2016ರ ವಿಕಲಚೇತನರ ಹಕ್ಕುಗಳ ಕಾನೂನಿನಂತೆ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬಹುದು. ವೈದ್ಯರು ಪರೀಕ್ಷಿಸಿ ಶೇಕಡಾ 40 ಅಥವಾ ಅದಕ್ಕೆ ಮೇಲ್ಪಟ್ಟು ಎಂದು ಬರೆದುಕೊಟ್ಟರೆ ಕೆಲವು ಸೌಲಭ್ಯಗಳಿಗೆ ದಾರಿಯಾಗುತ್ತದೆ. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ ತಿಳಿದುಕೊಳ್ಳಿರಿ.

ನಾನು ಒಂದು ಕಾಯಿಲೆಯನ್ನೇ ಹಿಡಿದು ಹೇಳಿದೆ. ಉಳಿದವುಗಳ ಔಷಧ ಬೇರೆಯಾದರೂ ದಿನಚರಿಯ ಭಾರ ಒಂದೇ ತೆರನದು. ಸಕ್ಕರೆ ಕಾಯಿಲೆಯ ಮಗು ತಟ್ಟೆಯ ಮುಂದೆ ಕುಳಿತಾಗಲೆಲ್ಲ ಲೆಕ್ಕ ಹಾಕಬೇಕು. ಉಬ್ಬಸದವರು ಕಣದ ಧೂಳಿಗೆ, ಒಲೆಯ ಹೊಗೆಗೆ ಹೆದರಿ ನಡೆಯಬೇಕು. ಮೂರ್ಛೆ ಇರುವವರು ಬಾವಿಗೆ, ಕೆರೆಗೆ ಒಬ್ಬರೇ ಇಳಿಯುವಂತಿಲ್ಲ. ನಾವು ಯೋಚಿಸದೆ ಮಾಡುವುದನ್ನೆಲ್ಲ ಅವರು ಯೋಚಿಸಿ ಮಾಡಬೇಕು. ಆ ಯೋಚನೆಗೆ ರಜೆಯಿಲ್ಲ. ಅದರಲ್ಲಿ ಒಂದು ಪಾಲನ್ನು ಮನೆಯವರು ಹೊತ್ತರೆ ಕಾಯಿಲೆ ವಾಸಿಯಾಗದಿದ್ದರೂ ಬಾಳು ಹಗುರವಾಗುತ್ತದೆ.

ಈಗ ನಮ್ಮ ಬಾಗಿಲಲ್ಲಿ ದಿನವೂ ರಂಗವಲ್ಲಿ ಇರುತ್ತದೆ. ಕೆಲವು ದಿನ ಆಕೆ ಇಡುತ್ತಾಳೆ. ಆಗದ ದಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕುಳಿತು ಹೇಳಿಕೊಡುತ್ತಾಳೆ, ನಾನು ಇಡುತ್ತೇನೆ. ನನ್ನ ಗೆರೆ ನೆಟ್ಟಗಿರುವುದಿಲ್ಲ. ಹಾದಿಯಲ್ಲಿ ಹೋಗುವವರಿಗೆ ಯಾರ ಸರದಿಯೆಂದು ತಿಳಿದುಹೋಗುತ್ತದೆ. ಅವರಲ್ಲಿ ಕೆಲವರು ಒಳಗೆ ಬಂದು, “ಅಕ್ಕ, ಇವತ್ತು ಏನು ಮಾಡಿಕೊಡಲಿ?” ಎಂದು ಕೇಳುತ್ತಾರೆ.

ನಿಮ್ಮ ಮನೆಯಲ್ಲೂ ಇಂಥವರಿದ್ದರೆ ಇಂದು ರಾತ್ರಿ ಊಟವಾದ ಮೇಲೆ ಅವರ ಪಕ್ಕದಲ್ಲಿ ಕುಳಿತು, “ಬೆಳಿಗ್ಗೆ ಎದ್ದಾಗಿನಿಂದ ನಿನ್ನ ದಿನ ಹೇಗೆ ಹೋಗುತ್ತೆ, ಹೇಳು” ಎಂದು ಕೇಳಿರಿ. ನಡುವೆ ಮದ್ದು ಹೇಳದೆ ಪೂರ್ತಿ ಕೇಳಿರಿ. ನಾನು ಇದನ್ನು ಕೇಳಲು ಎರಡು ವರ್ಷ ತಡಮಾಡಿದೆ. ನೀವು ತಡಮಾಡಬೇಡಿರಿ.